ಸೋಮವಾರ ಕೊಳ್ಳುವವರಿಲ್ಲ

ಶನಿವಾರ ಮಧ್ಯಾಹ್ನ, ವಾರದ ವಹಿವಾಟು ಮುಗಿದು ಒಂದು ದಿನ ಕಳೆದ ಮೇಲೆ, ಬ್ಯಾಟರಿ ಕಂಪನಿಯ ಆಡಿಟರ್ ರಾಜೀನಾಮೆ ಕೊಟ್ಟ. ಷೇರುಪೇಟೆಯ ವೆಬ್‌ಸೈಟಿನಲ್ಲಿ ಬಂದದ್ದು ಎರಡೇ ಸಾಲು: ಕೇಳಿದ ದಾಖಲೆಗಳು ಸಿಗಲಿಲ್ಲ, ಆದ್ದರಿಂದ ಹುದ್ದೆ ಬಿಡುತ್ತಿದ್ದೇನೆ. ಗೂಳಿ ಅದನ್ನು ಓದಿದಾಗ ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತಿದ್ದ. ಒಂದು ಕೆನ್ನೆಯ ಗಡ್ಡ ಹೋಗಿತ್ತು, ಇನ್ನೊಂದು ಕೆನ್ನೆಯಲ್ಲಿ ನೊರೆ ಹಾಗೇ ಇತ್ತು. ‘ಕತ್ತು ಅಲ್ಲಾಡಿಸ್ಬೇಡಿ ಸಾರ್, ಗಾಯ ಆದೀತು’ ಎಂದ ಕ್ಷೌರಿಕ. ಗೂಳಿ ಇನ್ನೊಂದು ಸಲ ಓದಿದ.

ಗೂಳಿ ಎನ್ನುವುದು ಬ್ರೋಕರ್ ಕಚೇರಿಯವರು ಅವನಿಗೆ ಇಟ್ಟ ಹೆಸರು; ಬೆಲೆ ಏರುತ್ತದೆಂದೇ ನಂಬುವವನನ್ನು ಷೇರುಪೇಟೆಯಲ್ಲಿ ಹಾಗೆ ಕರೆಯುತ್ತಾರೆ. ಹತ್ತೊಂಬತ್ತು ವರ್ಷದಿಂದ ಅದೇ ಎರಡನೇ ಮಹಡಿಯಲ್ಲಿ, ಅದೇ ಕಿಟಕಿ ಪಕ್ಕದ ಕಂಪ್ಯೂಟರಿನ ಮುಂದೆ ಕೂತು, ಗ್ರಾಹಕರು ಫೋನಿನಲ್ಲಿ ಹೇಳಿದ್ದನ್ನು ಕೊಳ್ಳುತ್ತ ಮಾರುತ್ತ ಬಂದ ಡೀಲರ್ ಅವನು. ಪೇಟೆ ಮುಗ್ಗರಿಸಿ ಬಿದ್ದ ದಿನವೂ ‘ನಾಳೆ ಏಳುತ್ತೆ ಬಿಡಿ’ ಅನ್ನುವವನು. ಹೇಳಿದ್ದು ಎಷ್ಟೋ ಸಲ ನಿಜವಾಗುತ್ತಿದ್ದುದರಿಂದ ಹೆಸರು ಗಟ್ಟಿಯಾಗಿ ಅಂಟಿಕೊಂಡಿತ್ತು. ಬ್ಯಾಟರಿ ಕಂಪನಿಯನ್ನು ಹುಡುಕಿ ಕಚೇರಿಗೆ ತಂದವನೂ ಅವನೇ. ಎರಡು ವರ್ಷದಲ್ಲಿ ಅದು ಮೂರು ಪಟ್ಟಾಗಿತ್ತು. ಮೆಟ್ಟಿಲು ಹತ್ತಿ ಬಂದವರಿಗೆಲ್ಲ ಅವನು ಅದರ ಗುಣಗಾನ ಮಾಡುತ್ತಿದ್ದ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕಚೇರಿಯಲ್ಲಿ ಸೇರುವುದು ಮೂವರ ಹಳೆಯ ರೂಢಿ. ಕಚೇರಿಯ ಯಜಮಾನರು, ಗಣಿತ ಕಲಿಸಿ ನಿವೃತ್ತರಾದ ಮೇಷ್ಟ್ರು, ಮತ್ತು ಗೂಳಿ. ಕೆಳಗಿನ ಅಂಗಡಿಗಳ ಶಟರು ಎಳೆದಿರುತ್ತಿತ್ತು. ಮೇಲೆ ಫ್ಯಾನು ಕಟಕಟ ಅನ್ನುತ್ತ ತಿರುಗುತ್ತಿತ್ತು. ಫ್ಲಾಸ್ಕಿನ ಚಹಾ, ನಾಲ್ಕು ಪತ್ರಿಕೆ, ವಾರದ ಸುದ್ದಿ, ಮುಂದಿನ ವಾರದ ಅಂದಾಜು. ಇದೇ ಅವರ ಪ್ರಪಂಚ.

‘ಬುಧವಾರ ಕೇಂದ್ರ ಬ್ಯಾಂಕು ಬಡ್ಡಿ ಇಳಿಸುತ್ತೆ ಅಂತಿದಾರೆ’ ಎಂದರು ಯಜಮಾನರು, ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿ. ‘ಇಳಿಸಿದ್ರೆ ಬ್ಯಾಂಕು, ಸಿಮೆಂಟು, ಕಾರು, ಎಲ್ಲಾ ಹಾರುತ್ತೆ.’

‘ಇಳಿಸಲ್ಲ’ ಎಂದರು ಮೇಷ್ಟ್ರು. ‘ಎಣ್ಣೆ ಬೆಲೆ ಮತ್ತೆ ಏರಿದೆ. ಆರನೇ ಪುಟ ನೋಡಿ.’

‘ನಿಮ್ಮ ಬಾಯಲ್ಲಿ ಒಂದು ಒಳ್ಳೆ ಮಾತು ಬರಲ್ವಲ್ಲ ಮೇಷ್ಟ್ರೇ.’

‘ಮೂವತ್ತು ವರ್ಷ ಗಣಿತದ ಪೇಪರ್ ತಿದ್ದಿದೀನಿ ಸ್ವಾಮಿ. ಕಟ್ಟಿನ ದಪ್ಪ ನೋಡಿದ್ರೇ ಎಷ್ಟು ಜನ ಪಾಸಾಗಲ್ಲ ಅಂತ ಗೊತ್ತಾಗ್ತಿತ್ತು.’

ಯಜಮಾನರು ಹೊಟ್ಟೆ ಕುಲುಕಿಸಿ ನಕ್ಕರು. ಮಾಮೂಲಿನಂತಾಗಿದ್ದರೆ ಈ ಹೊತ್ತಿಗೆ ಗೂಳಿ ಎದ್ದು ನಿಂತು, ಬಡ್ಡಿ ಇಳಿದೇ ಇಳಿಯುತ್ತೆ ಎಂದು ಮೇಜು ಗುದ್ದಬೇಕಿತ್ತು. ಈವತ್ತು ಅವನು ಚಹಾದ ಕಪ್ಪನ್ನು ಅಂಗೈಯಲ್ಲಿ ತಿರುಗಿಸುತ್ತ ಕೂತಿದ್ದ.

‘ಏನಪ್ಪಾ, ನಮ್ಮ ಗೂಳಿಗೆ ಮೂಗುದಾರ ಬಿತ್ತಾ?’ ಎಂದರು ಯಜಮಾನರು.

ಮೇಷ್ಟ್ರು ಉತ್ತರಕ್ಕೆ ಕಾಯಲಿಲ್ಲ. ಒಂದು ಪತ್ರಿಕೆ ಮಡಚಿ ಯಜಮಾನರ ಕಡೆ ನೂಕಿದರು. ಹನ್ನೊಂದನೇ ಪುಟದ ಮೂಲೆ, ಬೆಂಕಿಪೊಟ್ಟಣದಷ್ಟು ಸುದ್ದಿ. ಯಜಮಾನರು ಓದಿ ಕಾಲು ಕೆಳಗಿಳಿಸಿದರು.

‘ನಾಳೆ ಸರ್ಕ್ಯೂಟು’ ಎಂದರು.

ಆ ಮಾತಿನ ಅರ್ಥ ಮೂವರಿಗೂ ಚೆನ್ನಾಗಿ ಗೊತ್ತು. ಒಂದು ಷೇರು ಒಂದು ದಿನದಲ್ಲಿ ಇಷ್ಟೇ ಬೀಳಬಹುದು ಎಂದು ಪೇಟೆ ಒಂದು ಗೆರೆ ಹಾಕಿರುತ್ತದೆ. ಬೆಲೆ ಆ ಗೆರೆ ಮುಟ್ಟಿದರೆ ಅದಕ್ಕಿಂತ ಕೆಳಗೆ ಇಳಿಯುವ ಹಾಗಿಲ್ಲ. ಮಾರುವವರು ಅಲ್ಲೇ ಸಾಲು ನಿಲ್ಲಬೇಕು, ಕೊಳ್ಳುವವನು ಬಂದರೆ ಮಾತ್ರ ಬಿಡುಗಡೆ. ಬರದಿದ್ದರೆ ಮರುದಿನ ಇನ್ನಷ್ಟು ಕೆಳಗೆ ಹೊಸ ಗೆರೆ, ಹೊಸ ಸಾಲು. ಬೆಂಕಿ ಬಿದ್ದ ಮನೆಗೆ ಹೊರಗಿನಿಂದ ಚಿಲಕ ಹಾಕಿದ ಹಾಗೆ.

‘ನಮ್ಮೋರದು ಏನೋ ಚೂರುಪಾರು ಇದೆ, ಹೋದ್ರೆ ಹೋಗ್ಲಿ’ ಎಂದರು ಯಜಮಾನರು. ಗೂಳಿಯ ಮುಖ ನೋಡಿದರು. ‘ನಿಂದು?’

‘ನಂದಿಲ್ಲ. ಅಕ್ಕಂದಿದೆ.’

‘ಎಷ್ಟು?’

‘ಎಲ್ಲಾ.’

ಯಜಮಾನರು ಪತ್ರಿಕೆ ಮಡಚಿ ಮೇಜಿನ ಮೇಲಿಟ್ಟರು.

ಗೂಳಿಗೆ ಎಂಟು ವರ್ಷವಾಗಿದ್ದಾಗ ತಾಯಿ ತೀರಿಕೊಂಡಿದ್ದಳು. ಹದಿನೆಂಟರ ಅಕ್ಕ ನರ್ಸ್ ಕೆಲಸಕ್ಕೆ ಸೇರಿ ಅವನನ್ನು ಸಾಕಿ ಓದಿಸಿದಳು. ತನಗೆ ಮದುವೆ ಬೇಕು ಎಂದು ಅವಳು ಹೇಳಲಿಲ್ಲ, ಬೇಕೇ ಎಂದು ಕೇಳುವವರೂ ಇರಲಿಲ್ಲ. ಹೋದ ವರ್ಷ ನಿವೃತ್ತಳಾಗಿ, ಇಪ್ಪತ್ತೆರಡು ವರ್ಷ ಬಾಡಿಗೆಗಿದ್ದ ಎರಡು ಕೋಣೆಯ ಮನೆಯನ್ನೇ ಕೊಳ್ಳಲು ಮಾಲೀಕರ ಜೊತೆ ಮಾತು ಮುಗಿಸಿದ್ದಳು. ಮುಂಗಡವನ್ನೂ ಕೊಟ್ಟಿದ್ದಳು. ಉಳಿದದ್ದನ್ನು ಕೊಡಲು ಆರು ತಿಂಗಳು ಸಮಯವಿತ್ತು. ಆಗ ಗೂಳಿಯೇ ಅವಳ ಮುಂದೆ ಕೂತು ಹೇಳಿದ್ದ: ‘ಬ್ಯಾಂಕಲ್ಲಿ ಕೊಳೆಯೋ ಬದಲು ಆರು ತಿಂಗಳು ನನ್ನ ಕೈಲಿ ಕೊಡಕ್ಕಾ. ಮನೆ ಜೊತೆ ಮೇಲೊಂದು ರೂಮೂ ಕಟ್ಟಿಸ್ಕೋಬಹುದು.’ ಅಕ್ಕ ಚೆಕ್ಕಿಗೆ ಸಹಿ ಹಾಕುವಾಗ ಕಂಪನಿ ಏನು ತಯಾರಿಸುತ್ತದೆ ಎಂದೂ ಕೇಳಿರಲಿಲ್ಲ.

ಯಜಮಾನರು ಗಂಟಲು ಸರಿಮಾಡಿಕೊಂಡರು. ‘ಆ ಟೈಲರ್ ಇದಾನಲ್ಲ, ಬ್ಯಾಟರಿ ಷೇರು ಬಿದ್ರೆ ನನಗೆ ತೆಗೆದುಕೊಡಿ ಅಂತ ವರ್ಷದಿಂದ ಪ್ರಾಣ ತಿಂತಿದಾನೆ. ದುಡ್ಡೂ ಕಟ್ಟಿಟ್ಟಿದಾನೆ. ನಾಳೆ ಒಂಬತ್ತಕ್ಕೆ ಪೇಟೆಯೋರು ಆರ್ಡರ್ ತಗೊಳ್ಳೋಕೆ ಶುರುಮಾಡ್ತಿದ್ದ ಹಾಗೆ ಅಕ್ಕನ ಮಾರಾಟ ಹಾಕು. ಸಾಲಲ್ಲಿ ಮುಂದೆ ನಿಂತಿರ್ತೀಯ. ಹಿಂದೇನೇ ಟೈಲರ್ ಖರೀದಿ ಒತ್ತು. ಅರ್ಧ ಆದ್ರೂ ಉಳಿಯುತ್ತೆ. ಅವನು ಹೇಳಿದ್ದನ್ನೇ ನೀನು ಮಾಡಿದ ಹಾಗಾಯ್ತು, ಯಾರೂ ಬೆರಳು ತೋರ್ಸಂಗಿಲ್ಲ.’

ಗೂಳಿ ಮೇಷ್ಟ್ರ ಕಡೆ ನೋಡಿದ. ಅವರು ಕನ್ನಡಕ ತೆಗೆದು ಒರೆಸುತ್ತಿದ್ದರು.

‘ಲೆಕ್ಕ ಸರಿಹೋಗುತ್ತೆ’ ಎಂದರು. ‘ಆದ್ರೆ ಆ ಮನುಷ್ಯ ಇದೇ ಮೆಟ್ಟಿಲು ಹತ್ತಿ ಬರ್ತಾನೆ. ಬಂದಾಗ ನೀನು ಇಲ್ಲೇ ಕೂತಿರ್ತೀಯ.’

ಮಧ್ಯಾಹ್ನ ಅಕ್ಕನ ಮನೆಗೆ ಹೋದಾಗ ಅವಳು ಕಿಟಕಿಯ ಹಳೆ ಬಣ್ಣ ಕೆರೆಯುತ್ತಿದ್ದಳು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡಿದ್ದಳು, ಕೂದಲ ತುಂಬ ಹಸಿರು ಪುಡಿ. ‘ಬಂದ್ಯಾ? ಆ ಕಡೆ ಬಾಗಿಲು ಹಿಡ್ಕೋ’ ಎಂದು ಕೈಗೊಂದು ಉಕ್ಕಿನ ಪಟ್ಟಿ ಕೊಟ್ಟಳು. ಗೂಳಿ ಅರ್ಧ ಗಂಟೆ ಕೆರೆದ. ಹಸಿರಿನ ಕೆಳಗೆ ನೀಲಿ, ನೀಲಿಯ ಕೆಳಗೆ ಬಿಳಿ. ಕೊನೆಗೆ ಬಾಗಿಲಿಗೇ ಹೇಳಿದ ಹಾಗೆ ಹೇಳಿಬಿಟ್ಟ.

ಅಕ್ಕ ಕರವಸ್ತ್ರ ಬಿಚ್ಚಿ ಸ್ಟೂಲಿನ ಮೇಲೆ ಕೂತಳು. ಅವಳ ಮೊದಲ ಪ್ರಶ್ನೆ, ‘ಎಷ್ಟು ಉಳಿಯುತ್ತೆ?’

‘ಈಗಲೇ ಹೇಳಕ್ಕಾಗಲ್ಲ ಅಕ್ಕಾ. ಮೊದಲ ಎರಡು ದಿನ ಮುಖ್ಯ. ಕೆಲವು ಸಲ ಚೇತರಿಸ್ಕೊಳ್ಳುತ್ತೆ...’

‘ನನ್ನ ಹತ್ರ ಡಾಕ್ಟ್ರ ತರ ಮಾತಾಡ್ಬೇಡ. ನಲವತ್ತು ವರ್ಷ ಅವರ ಹಿಂದೇನೇ ನಿಂತಿದೀನಿ. ಕೈ ಚೆಲ್ಲಿದ ಮೇಲೇನೇ ಹೀಗೆ ಮಾತಾಡೋದು ಅವರು.’

ಗೂಳಿ ಟೈಲರ್ ವಿಷಯವನ್ನೂ ಹೇಳಿದ. ಹೇಳದೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ಹೇಳುತ್ತಿರುವಾಗಲೇ ಅನಿಸಿತು. ಅಕ್ಕ ಕಿಟಕಿಯ ಸರಳಿಗೆ ಅಂಟಿದ್ದ ಬಣ್ಣದ ಚೂರನ್ನು ಉಗುರಿನಿಂದ ಕಿತ್ತಳು.

‘ಅದನ್ನ ನನ್ನ ತಲೆಗೆ ಕಟ್ಟಕ್ಕೆ ಬಂದ್ಯಾ? ದುಡ್ಡು ಹಾಕುವಾಗ ಕಂಪನಿ ಒಳ್ಳೇದಾ ಅಂತ ನನ್ನ ಕೇಳಲಿಲ್ಲ. ಈಗ್ಲೂ ಕೇಳ್ಬೇಡ.’ ಎದ್ದು ಒಳಗೆ ಹೋದಳು. ನಲ್ಲಿ ತಿರುಗಿಸಿದ ಸದ್ದು ಕೇಳಿತು. ಎಷ್ಟು ಹೊತ್ತಾದರೂ ನೀರು ನಿಲ್ಲಲಿಲ್ಲ. ಗೂಳಿ ಬಾಗಿಲು ಮುಂದಕ್ಕೆಳೆದುಕೊಂಡು ಹೊರಟ.

ಸೋಮವಾರ ಎಂಟು ಗಂಟೆಗೇ ಅವನು ಕಚೇರಿಯಲ್ಲಿದ್ದ. ಎರಡೂ ಆರ್ಡರು ಬರೆದ ಚೀಟಿಗಳು ಎದುರಿಗಿದ್ದವು. ಎಂಟೂವರೆಯಾಯಿತು, ಎಂಟೂ ಮುಕ್ಕಾಲಾಯಿತು. ಟೈಲರ್ ಅವನಿಗೆ ಹೋದ ತಿಂಗಳಷ್ಟೇ ಒಂದು ಪ್ಯಾಂಟಿನ ಸೊಂಟ ಬಿಡಿಸಿ ಕೊಟ್ಟಿದ್ದ, ಕೂಲಿ ಬೇಡ ಅಂದಿದ್ದ. ಗೂಳಿಗೆ ಆ ಪ್ಯಾಂಟಿನ ನೆನಪೇ ಏಕೆ ಬಂತೋ. ಎಂಟು ಐವತ್ತೈದಕ್ಕೆ ಟೈಲರ್ ಹೆಸರಿನ ಚೀಟಿ ಹರಿದು ಫೋನು ಮಾಡಿದ.

‘ಆ ಬ್ಯಾಟರಿ ಷೇರು ಬೇಡ. ನಿಮ್ಮ ಆರ್ಡರ್ ಹಾಕಲ್ಲ. ಕಂಪನಿ ಆಡಿಟರ್ ಬಿಟ್ಟು ಹೋಗಿದಾನೆ.’

ಫೋನಿನ ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು. ‘ಹೋದ್ರೆ ಇನ್ನೊಬ್ಬ ಬರ್ತಾನೆ ಬಿಡಿ ಸಾರ್. ನನ್ನ ಅಂಗಡೀಲೂ ಕಟಿಂಗ್ ಮಾಸ್ಟರ್ ಬಿಟ್ಟು ಹೋದ, ನಾನು ಅಂಗಡಿ ಮುಚ್ಚಿದ್ನಾ?’

‘ಅದು ಬೇರೆ, ಇದು ಬೇರೆ. ನನ್ನ ಮಾತು ಕೇಳಿ.’

‘ನಿಮ್ಮ ಮಾತು ಕೇಳಿಕೊಂಡೇ ಅಲ್ವಾ ಒಂದು ವರ್ಷದಿಂದ ಕಾಯ್ತಿರೋದು? ಏರುವಾಗ, ಈಗ ದುಬಾರಿ, ಇಳಿದಾಗ ತಗೊಳ್ಳಿ ಅಂದ್ರಿ. ಬೀಳೋ ಹೊತ್ತಿಗೆ ಬೇಡ ಅಂತೀರಿ. ನಿಮ್ಮೋರಿಗೆಲ್ಲ ಹಂಚ್ಕೊಂಡು ಉಳಿದ್ರೆ ನನಗಾ?’

ಗೂಳಿ ಏನೇನೋ ಹೇಳಿದ. ಟೈಲರ್ ದನಿ ಏರಿಸಿದ. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಅಕ್ಕನ ಮಾರಾಟ ಒತ್ತುವಾಗ ಗಡಿಯಾರ ಒಂಬತ್ತು ದಾಟಿ ನಲವತ್ತು ಸೆಕೆಂಡಾಗಿತ್ತು. ಅಷ್ಟರಲ್ಲಿ ಸಾಲು ಮೈಲುದ್ದ ಬೆಳೆದಿತ್ತು. ಮಾರುವವರ ಕಡೆ ನಲವತ್ತೆರಡು ಲಕ್ಷ ಷೇರು. ಕೊಳ್ಳುವವರ ಕಡೆ ಸೊನ್ನೆ.

ಹತ್ತು ಗಂಟೆಯ ಸುಮಾರಿಗೆ ಆ ಸೊನ್ನೆ ಒಂದು ಕ್ಷಣ ಅಳಿಸಿ ಎಲ್ಲಿಂದಲೋ ಒಂದು ಸಣ್ಣ ಖರೀದಿ ಬಂತು. ಸಾಲಿನ ಮುಂದಿದ್ದ ಯಾವನೋ ಪುಣ್ಯಾತ್ಮನ ಷೇರು ಅದಕ್ಕೆ ಹೋಯಿತು. ಮತ್ತೆ ಸೊನ್ನೆ. ಆ ಖರೀದಿ ಟೈಲರ್‌ನದೇ, ತನ್ನ ದುಡ್ಡು ವಾಪಸು ಬರುವವರೆಗೆ ಕಾಯದೆ ಅವನು ಭಾವನಿಂದ ಸಾಲ ತೆಗೆದು ಎದುರು ಬೀದಿಯ ಬ್ರೋಕರನ ಕಡೆಯಿಂದ ಕೊಂಡಿದ್ದ ಎಂಬುದು ಗೂಳಿಗೆ ಗೊತ್ತಾದದ್ದು ಸಂಜೆ, ಅವನೇ ಫೋನು ಮಾಡಿ ಹೆಮ್ಮೆಯಿಂದ ಹೇಳಿದಾಗ.

ಮಂಗಳವಾರವೂ ಅದೇ ಹಾಡು. ಬುಧವಾರ ಕೇಂದ್ರ ಬ್ಯಾಂಕು ಬಡ್ಡಿ ಇಳಿಸಿತು. ಪೇಟೆ ಹುಚ್ಚೆದ್ದು ಏರಿತು. ಬ್ಯಾಂಕು, ಸಿಮೆಂಟು, ಕಾರು, ಯಜಮಾನರು ಹೇಳಿದ್ದೆಲ್ಲ ಹಾರಿತು. ಕಚೇರಿಯಲ್ಲಿ ಮೂರು ಫೋನೂ ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು. ಗ್ರಾಹಕರು ‘ನಿಮ್ಮ ಬಾಯಿಗೆ ಸಕ್ಕರೆ ಹಾಕ’ ಅನ್ನುತ್ತಿದ್ದರು, ಗೂಳಿ ಎಲ್ಲರಿಗೂ ಕೊಂಡುಕೊಡುತ್ತಿದ್ದ. ಪರದೆಯ ಮೂಲೆಯಲ್ಲಿ ಬ್ಯಾಟರಿ ಕಂಪನಿಯ ಒಂದು ಸಾಲು ಮಾತ್ರ ಕೆಂಪಾಗಿ, ಕದಲದೆ ನಿಂತಿತ್ತು. ಸಾಲಿನಲ್ಲಿ ಅಕ್ಕನ ಷೇರುಗಳ ಮುಂದೆ ಇನ್ನೂ ಮೂವತ್ತು ಲಕ್ಷವಿದ್ದವು.

ಶುಕ್ರವಾರ ಬೆಳಿಗ್ಗೆ ಆ ಷೇರಿನ ವಹಿವಾಟನ್ನೇ ನಿಲ್ಲಿಸಿದರು. ಕಂಪನಿಯ ಮಾಲೀಕ ಎಲ್ಲಿದ್ದಾನೆಂದು ಯಾರಿಗೂ ತಿಳಿದಿರಲಿಲ್ಲ. ಹನ್ನೊಂದರ ಹೊತ್ತಿಗೆ ಟೈಲರ್ ಮೆಟ್ಟಿಲು ಹತ್ತಿ ಬಂದ. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಕೂಗಾಡುತ್ತಾನೆಂದು ಯಜಮಾನರು ಎದ್ದು ನಿಂತರು. ಅವನು ಕೂಗಲಿಲ್ಲ. ಗೂಳಿಯ ಮೇಜಿನ ಅಂಚು ಹಿಡಿದುಕೊಂಡು ಕೇಳಿದ:

‘ಅದು ಪೂರ್ತಿ ಹೋಯ್ತಾ ಸಾರ್?’

‘ಹೋಯ್ತು.’

‘ನೀವು ಹೇಳಿದ್ರಿ. ಇಲ್ಲ ಅನ್ನಲ್ಲ.’ ‘ಆದ್ರೆ ನೀವು ಇನ್ನೊಂದು ಸಲ ಹೇಳ್ಬೇಕಿತ್ತು. ಬೈದು ಹೇಳ್ಬೇಕಿತ್ತು.’

ಅಕ್ಕನ ದುಡ್ಡೂ ಅಲ್ಲೇ ಹೋಯಿತು ಅನ್ನಬೇಕೆನಿಸಿತು ಗೂಳಿಗೆ, ಆದರೆ ಅದು ತನ್ನ ತಪ್ಪನ್ನು ತೂಕ ಹಾಕಿ ತೋರಿಸಿದ ಹಾಗಾಗುತ್ತಿತ್ತು. ಟೈಲರ್ ಮದುವೆಯ ಬಟ್ಟೆ ಕೊಡೋದಿದೆ ಎಂದು ಹೊರಟುಹೋದ.

ಭಾನುವಾರ ಮೇಷ್ಟ್ರು ಫೋನು ಮಾಡಿದರು. ‘ಬರಲ್ವೇನಪ್ಪಾ?’ ಗೂಳಿ ಹೋಗಲಿಲ್ಲ. ಅಕ್ಕನ ಜೊತೆ ಮನೆ ಮಾಲೀಕರ ಬಳಿ ಹೋದ. ಮಾಲೀಕರು ಕೆಟ್ಟವರಲ್ಲ. ಚಹಾ ಕೊಟ್ಟರು, ಬೇಸರ ಪಟ್ಟರು. ತಮ್ಮ ಮಗಳ ಅವಸರ ಹೇಳಿದರು, ಬೇರೆಯವರು ಕೇಳುತ್ತಿದ್ದಾರೆ ಅಂದರು. ಮುಂಗಡದಲ್ಲಿ ಅರ್ಧ ವಾಪಸು ಕೊಡುತ್ತೇನೆ, ತಿಂಗಳ ಕೊನೆಗೆ ಬಿಟ್ಟುಕೊಟ್ಟರೆ ಸಾಕು ಅಂದರು. ಅಕ್ಕ ‘ಆಗ್ಲಿ’ ಅಂದಳು. ಚೌಕಾಸಿ ಮಾಡಲಿಲ್ಲ.

ಸೋಮವಾರ ಅವಳು ಕೆಲಸಕ್ಕೆ ಹೊರಟಳು. ಊರಾಚೆ ವೃದ್ಧರನ್ನು ನೋಡಿಕೊಳ್ಳುವ ಒಂದು ಖಾಸಗಿ ನಿಲಯ. ಮೊದಲಿನ ಸಂಬಳದ ಅರ್ಧ, ದಿನಕ್ಕೆ ಹನ್ನೆರಡು ಗಂಟೆ. ಬಸ್ ನಿಲ್ದಾಣದವರೆಗೆ ಗೂಳಿ ಅವಳ ಚೀಲ ಹಿಡಿದುಕೊಂಡು ನಡೆದ. ಹೊಸ ಬಿಳಿ ಬೂಟು ಅವಳ ಹಿಮ್ಮಡಿ ಕಚ್ಚುತ್ತಿತ್ತು, ನಡುವೆ ಎರಡು ಸಲ ನಿಂತಳು.

‘ಅಕ್ಕಾ, ನನ್ನ ಜೊತೇನೇ ಬಂದಿರು. ಒಂದು ರೂಮು ಖಾಲಿ ಮಾಡಿ ಕೊಡ್ತೀನಿ.’

‘ಬೇಡ. ಅಲ್ಲೇ ಇರಕ್ಕೆ ಒಂದು ಮಂಚ ಕೊಡ್ತಾರಂತೆ.’

‘ನಾನು ಏನಾದ್ರೂ ಮಾಡಿ...’

‘ನೀನು ಇನ್ನು ಏನೂ ಮಾಡ್ಬೇಡ’ ಎಂದಳು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. ಜ್ವರದಲ್ಲಿ ಹಾಸಿಗೆಯಿಂದ ಏಳಲು ಹೋದವರಿಗೆ ಹೇಳುತ್ತಾರಲ್ಲ, ಹಾಗೆ ಹೇಳಿದಳು. ಬಸ್ಸು ಬಂತು. ಅವನ ಕೈಯಿಂದ ಚೀಲ ತೆಗೆದುಕೊಂಡು, ಕಂಬಿ ಹಿಡಿದು ಹತ್ತಿ, ಆ ಕಡೆಯ ಸೀಟಿನಲ್ಲಿ ಕೂತಳು. ಅವನು ನಿಂತಲ್ಲಿಂದ ಅವಳ ಮುಖ ಕಾಣುತ್ತಿರಲಿಲ್ಲ. ಬಸ್ಸು ಹೋದ ಮೇಲೂ ಗೂಳಿ ಅಲ್ಲೇ ನಿಂತಿದ್ದ. ಆಮೇಲೆ ಜೇಬಿನ ಫೋನು ಬಡಿದುಕೊಳ್ಳತೊಡಗಿತು, ಯಾವುದೋ ಗ್ರಾಹಕರದು. ಪೇಟೆ ತೆರೆಯಲು ಇಪ್ಪತ್ತು ನಿಮಿಷವಿತ್ತು.