ನೆಟ್ಟಗಾದ ಗೆರೆ

ಡೊಂಕು ಗೆರೆಯೊಂದು ಕಣ್ಣೆದುರಿಗೇ ನೆಟ್ಟಗಾಗುವುದನ್ನು ನಾನು ಮೊದಲು ಕಂಡದ್ದು ನಮ್ಮ ಕಚೇರಿಯ ಪರದೆಯ ಮೇಲೆ. ವಾಮನಮೂರ್ತಿಗಳು ಪೆನ್ನು ಎತ್ತಿದರು. ಪರದೆಯ ಮೇಲಿದ್ದ ಗೆರೆ ಒಂದು ಕ್ಷಣ ತಡೆದು, ಮೈ ಕೊಡವಿಕೊಂಡು ನೇರವಾಗಿ ನಿಂತಿತು. ಕೋಣೆಯಲ್ಲಿದ್ದ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಅವರೇ.

ನಾವು ಮಾಡುತ್ತಿದ್ದ ಕೆಲಸ ಏನೆಂದು ನಮ್ಮ ಮನೆಯವರಿಗೇ ಸರಿಯಾಗಿ ಗೊತ್ತಿರಲಿಲ್ಲ. ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವ ಮೊದಲು ಅದರದೊಂದು ನಕ್ಷೆ ಹಾಕುತ್ತಾರೆ. ಇಲ್ಲೊಂದು ಚೌಕ, ಅಲ್ಲೊಂದು ಚೌಕ, ಯಾವುದರಿಂದ ಯಾವುದಕ್ಕೆ ಸುದ್ದಿ ಹೋಗಬೇಕೋ ಅತ್ತ ಒಂದು ಬಾಣ. ಆ ನಕ್ಷೆಯನ್ನು ಕಾಗದ ಬಿಟ್ಟು ಯಂತ್ರದ ಮೇಲೆಯೇ ಪೆನ್ನಿನಿಂದ ಬರೆಯುವಂತಾಗಬೇಕು, ಬರೆದದ್ದನ್ನು ಯಂತ್ರ ಅರ್ಥಮಾಡಿಕೊಂಡು ಅಂದವಾಗಿ ತಿದ್ದಿಕೊಡಬೇಕು ಎಂಬುದು ನಮ್ಮ ಹಟ. ಮೇಜಿನ ಮೇಲೆ ಸ್ಲೇಟಿನಂಥ ಒಂದು ಹಲಗೆ, ಅದಕ್ಕೊಂದು ಪೆನ್ನು. ಹಲಗೆಯ ಮೇಲೆ ಗುರುತೇನೂ ಮೂಡುತ್ತಿರಲಿಲ್ಲ, ಬರೆದದ್ದು ಎದುರಿನ ಪರದೆಯಲ್ಲಿ ಕಾಣುತ್ತಿತ್ತು.

ಶುರುವಿನಲ್ಲಿ ಆ ಯಂತ್ರ ನಮ್ಮನ್ನು ಸತಾಯಿಸಿದ್ದು ಅಷ್ಟಿಷ್ಟಲ್ಲ. ಅವಸರದಲ್ಲಿ ಚೌಕ ಬರೆದರೆ ಅದನ್ನು ಉರುಟು ಮಾಡಿ ಆಲೂಗಡ್ಡೆಯಂತೆ ಮುಂದಿಡುತ್ತಿತ್ತು. ಬಾಣದ ತಲೆಯನ್ನೇ ಬಾಲವೆಂದುಕೊಂಡು ಹಿಂದುಮುಂದು ಮಾಡುತ್ತಿತ್ತು. ನಮ್ಮ ತಂಡದ ಮುಖ್ಯಸ್ಥೆ ಪ್ರಫುಲ್ಲಾ ಊಟ ನಿದ್ದೆ ಬಿಟ್ಟು ಒಂದನ್ನು ಸರಿಪಡಿಸಿದರೆ ಇನ್ನೊಂದು ಕೈಕೊಡುತ್ತಿತ್ತು. "ಇದನ್ನ ಮೊದ್ಲು ಒಂದನೇ ಕ್ಲಾಸಿಗೆ ಸೇರಿಸ್ರಮ್ಮ, ಆಮೇಲೆ ನನ್ ಹತ್ರ ತನ್ನಿ" ಎಂದು ವಾಮನಮೂರ್ತಿಗಳು ಗೇಲಿ ಮಾಡುತ್ತಿದ್ದರು.

ಅವರು ಕಚೇರಿಯ ಹಿರಿಯ ನಕ್ಷೆಗಾರರು. ನಾವು ಸಾಧನ ಮಾಡುವವರು, ಅವರು ಅದನ್ನು ಬಳಸುವವರು. ಅವರಿಗೊಂದು ಅಭ್ಯಾಸವಿತ್ತು. ಖಚಿತವಾಗಿ ಗೊತ್ತಿದ್ದ ಕಡೆ ಬಾಣವನ್ನು ನೇರವಾಗಿ ಎಳೆಯುತ್ತಿದ್ದರು. ಗೊತ್ತಿಲ್ಲದ ಕಡೆ, ಯಾರನ್ನಾದರೂ ಕೇಳಬೇಕಾದ ಕಡೆ, ಅಲೆ ಅಲೆಯಾಗಿ ಎಳೆಯುತ್ತಿದ್ದರು. ಕಚೇರಿಯಲ್ಲಿ ಅದಕ್ಕೆ 'ಮೂರ್ತಿಗಳ ಹಾವು' ಎಂದು ಹೆಸರು. ಅವರು ಕಾಗದದ ಮೇಲೆ ನಕ್ಷೆ ಮುಗಿಸಿದ ಮಾರನೆಯ ದಿನ ನಮ್ಮಲ್ಲೊಬ್ಬರು ಅದನ್ನು ಹಿಡಿದುಕೊಂಡು ಹೋಗಿ, ಕೇಳಬೇಕಾದವರನ್ನು ಕೇಳಿ, ಒಂದೊಂದೇ ಹಾವನ್ನು ಇತ್ಯರ್ಥ ಮಾಡಿಕೊಂಡು ಬರುತ್ತಿದ್ದರು. ಹಾವುಗಳೆಲ್ಲ ಹೋದ ಮೇಲೆಯೇ ಪ್ರೋಗ್ರಾಂ ಬರೆಯಲು ಕೂರುತ್ತಿದ್ದದ್ದು. ಇದನ್ನು ಯಾರೂ ನಿಯಮ ಮಾಡಿರಲಿಲ್ಲ. ಅವರು ಎಳೆಯುತ್ತಿದ್ದರು, ನಾವು ಕೇಳಿಕೊಂಡು ಬರುತ್ತಿದ್ದೆವು, ಅಷ್ಟೆ.

ಯಂತ್ರ ಒಂದು ಹದಕ್ಕೆ ಬಂದಾಗ ಎಲ್ಲರದೂ ಒಂದೇ ದೂರು. ಬಾಣಗಳು ನಡುಗಿದಂತೆ ಕಾಣುತ್ತವೆ, ಗಿರಾಕಿಗಳಿಗೆ ತೋರಿಸಲು ನಾಚಿಕೆಯಾಗುತ್ತದೆ. ಪ್ರಫುಲ್ಲಾ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ಅದಕ್ಕೂ ಮದ್ದು ಹುಡುಕಿದಳು. ಪೆನ್ನು ಎತ್ತಿದ ಕೂಡಲೇ ಗೆರೆಯ ನಡುಕವನ್ನೆಲ್ಲ ಯಂತ್ರ ತೆಗೆದುಹಾಕುವಂತೆ ಮಾಡಿದಳು. ನಾವು ಚಪ್ಪಾಳೆ ತಟ್ಟಿದ್ದು ಅವತ್ತು. ಮೈಸೂರುಪಾಕು ಹಂಚಿದ್ದೂ ಅವತ್ತೇ. ಹಾವುಗಳ ನೆನಪು ನಮಗೆ ಯಾರಿಗೂ ಬರಲಿಲ್ಲ, ಮೂರ್ತಿಗಳಿಗೂ ಬರಲಿಲ್ಲ. ಸಂತೋಷದಲ್ಲಿ ಮನುಷ್ಯ ಎಷ್ಟು ದಡ್ಡನಾಗುತ್ತಾನೆ ಎಂದು ಈಗ ಅನ್ನಿಸುತ್ತದೆ.

ಆ ವಾರವೇ ಊರಿನ ಕೆರೆಯ ತೂಬುಗಳನ್ನು ಕಂಪ್ಯೂಟರಿನಿಂದ ನಡೆಸುವ ಕೆಲಸ ಬಂತು. ಮೂರ್ತಿಗಳು ಹೊಸ ಯಂತ್ರದ ಮೇಲೆಯೇ ನಕ್ಷೆ ಹಾಕಿದರು. ಪಕ್ಕದಲ್ಲಿ ನಾನಿದ್ದೆ. ಅವರು ಮಾತಾಡುತ್ತಲೇ ಬರೆಯುವ ಜನ, ಒಂದು ಬಾಣ ನೆಟ್ಟಗಾಗುವಷ್ಟರಲ್ಲಿ ಪೆನ್ನು ಮುಂದಿನದಕ್ಕೆ ಹೋಗಿರುತ್ತಿತ್ತು. ಕೆರೆ ತುಂಬಿದಾಗ ಕೆಳಗಿನ ತೂಬಿಗೆ ಸುದ್ದಿ ನೇರವಾಗಿ ಹೋಗಬೇಕೋ, ಇಲ್ಲ ನೀರು ಬಿಡುವ ನೀರುಗಂಟಿಯನ್ನು ಒಂದು ಮಾತು ಕೇಳಬೇಕೋ ಎಂಬುದನ್ನು ತೋರಿಸುವ ಬಾಣವೂ ಅದರಲ್ಲಿತ್ತು. ಅಚ್ಚಾಗಿ ಬಂದ ನಕ್ಷೆಯನ್ನು ಕಂಡವರೆಲ್ಲ ತಲೆದೂಗಿದರು. ಅದು ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಅದರಲ್ಲಿ ಕೇಳುವಂಥದ್ದು ಏನಾದರೂ ಉಳಿದಿರಬಹುದೆಂದು ಯಾರಿಗೂ ಅನ್ನಿಸಲಿಲ್ಲ. ಯಾರೂ ಯಾರನ್ನೂ ಕೇಳಿಕೊಂಡು ಬರಲಿಲ್ಲ.

ಮಳೆಗಾಲದ ಒಂದು ಮಧ್ಯಾಹ್ನ ಕೆರೆ ತುಂಬಿತು. ತೂಬು ಯಾರನ್ನೂ ಕೇಳದೆ ತಾನಾಗಿಯೇ ತೆರೆದುಕೊಂಡಿತು. ಕೆಳಗೆ ಕಾಲುವೆಯಲ್ಲಿ ಹೂಳೆತ್ತುತ್ತಿದ್ದ ಹೊನ್ನಯ್ಯ ಎಂಬವನನ್ನು ನೀರು ಕೊಚ್ಚಿಕೊಂಡು ಹೋಯಿತು. ನೀರುಗಂಟಿ ದಡದಲ್ಲೇ ಇದ್ದನಂತೆ. ಅವನನ್ನು ಕೇಳಿದ್ದರೆ ತಡೆಯುತ್ತಿದ್ದ.

ಸುದ್ದಿ ಬಂದಾಗ ಮೂರ್ತಿಗಳು ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡು ಆ ಬಾಣದ ಮೇಲೆ ಬೆರಳಿಟ್ಟು ಕೂತುಬಿಟ್ಟರು. ಬಾಣ ನೂಲು ಹಿಡಿದಂತೆ ನೇರವಾಗಿತ್ತು. "ಇದನ್ನ ನಾನು ಹೀಗೆ ಎಳ್ದಿರಲ್ಲ" ಎಂದರು. ನಮ್ಮ ಕಡೆ ತಿರುಗಿ, "ಎಳ್ದಿರಲ್ಲ ಅಲ್ವಾ?" ಎಂದರು.

ಅವರು ಎಳೆದ ಮೂಲ ಗೆರೆ ಯಂತ್ರದಲ್ಲೆಲ್ಲಾದರೂ ಉಳಿದಿದೆಯೇ ಎಂದು ಪ್ರಫುಲ್ಲಾ ಹುಡುಕಾಡಿದಳು. ಉಳಿದಿರಲಿಲ್ಲ. ಜಾಗ ಸಾಲದೆಂದು, ನೇರ ಮಾಡಿದ ಮರುಕ್ಷಣವೇ ಹಳೆಯ ಗೆರೆಯನ್ನು ಅಳಿಸುವಂತೆ ಅವಳೇ ಬರೆದಿದ್ದಳು. ಕುರ್ಚಿಯಲ್ಲಿ ಹಿಂದಕ್ಕೊರಗಿ ಅವಳು ಗಳಗಳನೆ ಅತ್ತಳು. ಮಾಡಲು ಏನೂ ಉಳಿದಿರಲಿಲ್ಲ.

ವಿಚಾರಣೆಗೆ ಮೂವರು ಅಧಿಕಾರಿಗಳು ಬಂದರು. ನಾವು ಹಾವಿನ ಕತೆಯನ್ನು ಹೇಳಿದೆವು. ಕಾಗದದ ಹಳೆಯ ನಕ್ಷೆಗಳನ್ನು ತಂದು ತೋರಿಸಿದೆವು. ಅವರಲ್ಲಿ ಅಧ್ಯಕ್ಷರಾಗಿದ್ದವರು ಅವುಗಳನ್ನು ತಿರುಗಿಸಿ ತಿರುಗಿಸಿ ನೋಡಿ, "ವಯಸ್ಸಾಯ್ತಲ್ಲ, ಕೈ ನಡುಗಿರುತ್ತೆ ಬಿಡಿ" ಎಂದು ಮೃದುವಾಗಿಯೇ ಹೇಳಿದರು. ಮೂರ್ತಿಗಳ ಮುಖ ಕೆಂಪಾಯಿತು.

"ಸ್ವಾಮಿ, ಇಲ್ಲೇ ಎಳ್ದು ತೋರಿಸ್ತೀನಿ. ನೀವೇ ನೋಡಿ."

ಹಲಗೆಯ ಮುಂದೆ ಕೂತು ಅವರು ಉದ್ದಕ್ಕೆ ಒಂದು ಹಾವು ಎಳೆದರು. ಮೂವರೂ ತಲೆಯೆತ್ತಿ ಪರದೆಯನ್ನೇ ನೋಡುತ್ತಿದ್ದರು. ಗೆರೆ ಅಲೆಯಲೆಯಾಗಿ ಮೂಡಿತು. ಪೆನ್ನು ಎತ್ತಿದ್ದೇ ತಡ, ಒಂದು ಕ್ಷಣ ತಡೆದು, ನೆಟ್ಟಗಾಯಿತು.

"ಭಲೇ!" ಎಂದರು ಅಧ್ಯಕ್ಷರು. ಪಕ್ಕದವರ ಕಡೆ ತಿರುಗಿ, "ಎಷ್ಟು ಚೆನ್ನಾಗಿದೆ ನೋಡಿ! ನಮ್ಮ ಆಫೀಸಿಗೂ ಒಂದು ಬೇಕಲ್ಲ ಇದು" ಎಂದರು.

"ಅದನ್ನೇ ಸ್ವಾಮಿ ನಾನು ಹೇಳ್ತಿರೋದು. ನಾನು ಎಳ್ದಿದ್ದು ಇದಲ್ಲ."

"ಇರಬಹುದು. ಆದರೆ ಆವತ್ತೂ ಡೊಂಕಾಗೇ ಎಳೆದಿರಿ ಅನ್ನೋದಕ್ಕೆ ಏನು ಸಾಕ್ಷಿ? ನೀವು ಖಂಡಿತವಾಗಿ ಹೇಳ್ತೀರಾ?"

ಮೂರ್ತಿಗಳು ಬಾಯಿ ತೆರೆದರು. ಹೌದು ಎಂದಿದ್ದರೆ ಮುಗಿಯುತ್ತಿತ್ತು. ಅವರಿಗೆ ಆ ಮಾತು ಬರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುವುದು ಅವರ ಜಾಯಮಾನವಲ್ಲ. "ಎಳ್ದಿರ್ಬೇಕು" ಎಂದಷ್ಟೇ ಹೇಳಿದರು. ವರದಿಯಲ್ಲಿ ತಪ್ಪು ಅವರದೆಂದು ಬಂತು. ಶಿಕ್ಷೆಯೇನೂ ಆಗಲಿಲ್ಲ, ವಯಸ್ಸನ್ನು ನೋಡಿ ಮನೆಗೆ ಕಳಿಸಿದರು. ನಮ್ಮ ಸಾಧನ ಬೇಕೆಂದು ಇನ್ನೂ ಎಷ್ಟೋ ಕಚೇರಿಗಳು ಕೇಳಿದವು. ಪ್ರಫುಲ್ಲಾ ಅಲೆಗೆರೆ ಅಳಿದುಹೋಗದಂತೆ ಅದಕ್ಕೆ ಬೇರೆಯದೇ ಒಂದು ಗುರುತನ್ನು ಸೇರಿಸಿ, ಕೆಲವೇ ದಿನಗಳಲ್ಲಿ ಕೆಲಸ ಬಿಟ್ಟಳು.

ಎಷ್ಟೋ ಸಮಯದ ಮೇಲೆ ನಾನು ಮೂರ್ತಿಗಳ ಮನೆಗೆ ಹೋದೆ. ತೀರ ಇಳಿದುಹೋಗಿದ್ದರು. ಕಾಫಿ ಕುಡಿಯುವವರೆಗೆ ಅದೂ ಇದೂ ಮಾತಾಡಿದರು. ಆಮೇಲೆ ಲೋಟವನ್ನು ಪಕ್ಕಕ್ಕೆ ಸರಿಸಿದರು.

"ಹೊನ್ನಯ್ಯನ ಹೆಂಡ್ತಿ ಹತ್ರ ಹೋಗಿದ್ದೆ ಕಣಮ್ಮ. ಆಯಮ್ಮ ಬೈಲಿಲ್ಲ. ಕೂತ್ಕೊಳ್ಳಿ ಅಂತ ಚಾಪೆ ಹಾಕಿದ್ಲು. ಬೈದಿದ್ರೆ ಚೆನ್ನಾಗಿತ್ತು." ಮುಂದಕ್ಕೆ ಬಾಗಿ ಕೇಳಿದರು: "ಆವತ್ತು ನನ್ ಪಕ್ಕದಲ್ಲಿ ನೀನೇ ಇದ್ದೆ. ನಾನು ಹೇಗೆ ಎಳ್ದೆ, ನೋಡಿದ್ಯಾ?"

ನನಗೆ ನೆನಪಿದ್ದದ್ದು ಪರದೆ ಮಾತ್ರ. ಒಂದಾದ ಮೇಲೊಂದು ನೆಟ್ಟಗಾಗುತ್ತಿದ್ದ ಬಾಣಗಳನ್ನು ಬೆರಗಾಗಿ ನೋಡುತ್ತ ಕೂತಿದ್ದೆ. ಯಾವುದು ಮೊದಲು ಹೇಗಿತ್ತೆಂದು ದೇವರಾಣೆಗೂ ಗೊತ್ತಿಲ್ಲ. ಆದರೆ ಅವರ ಮುಖ ನೋಡಿ ಹಾಗೆನ್ನಲು ನನ್ನಿಂದಾಗಲಿಲ್ಲ.

"ನೋಡಿದೆ ಸಾರ್. ಅಲೆಯಾಗೇ ಎಳೆದಿರಿ. ನನಗೆ ಚೆನ್ನಾಗಿ ಜ್ಞಾಪಕ ಇದೆ."

ಅವರು ನನ್ನನ್ನೇ ದಿಟ್ಟಿಸಿ, ಸಣ್ಣಗೆ ನಕ್ಕರು.

"ನೀನು ನೋಡಿರಲ್ಲಮ್ಮ. ಆ ಕೋಣೇಲಿ ಯಾರೂ ಕೈ ನೋಡ್ತಿರ್ಲಿಲ್ಲ. ನಾನೇ ನೋಡ್ತಿರ್ಲಿಲ್ಲ."

ನಾನು ತಲೆ ತಗ್ಗಿಸಿದೆ. ಹೊರಗೆ ಯಾರೋ ಬಾವಿಯಿಂದ ನೀರು ಸೇದುತ್ತಿದ್ದರು, ರಾಟೆ ಕಿರುಗುಡುತ್ತಿತ್ತು. ಅದು ನಿಂತಿತು.

"ಆದ್ರೂ ಇನ್ನೊಂದ್ಸಲ ಹೇಳಮ್ಮ" ಎಂದರು.

ನಾನು ಇನ್ನೊಂದು ಸಲ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು.