ಸೆರಾಫಿನಾಳ ಹಿತ್ತಿಲ ಹೊಗೆ

ಲೈಕಾರ್ಟ್ ಬಡಾವಣೆಯಲ್ಲಿ ವಲಸೆ ಬಂದ ಇಟಲಿಯವರು ಕಡಿಮೆಯಾದಷ್ಟೂ ಇಟಲಿಯ ಬಾವುಟಗಳು ಹೆಚ್ಚುತ್ತಿದ್ದವು. ಸೆರಾಫಿನಾಳಿಗೆ ಬಾವುಟದ ಚಿಂತೆಯಿರಲಿಲ್ಲ. ಗ್ಯಾರೇಜಿನ ತುಂಬ ಹರಡಿದ ಟೊಮ್ಯಾಟೊ ಕಳಿತು ಕೂತಿತ್ತು. ಇಂದೇ ಅರೆದು, ಬಾಟಲಿಗೆ ತುಂಬಿ, ಹಿತ್ತಿಲ ಡ್ರಮ್ಮಿನಲ್ಲಿ ಕುದಿಸದಿದ್ದರೆ ಎಲ್ಲವೂ ಕೊಳೆತು, ಚಳಿಗಾಲವಿಡೀ ಡಬ್ಬಿಯ ಸಾಸೇ ಗತಿ. ಮಕ್ಕಳು ಪುರುಸೊತ್ತಿಲ್ಲ ಎಂದು ಕೈಯೆತ್ತಿದ್ದರು.

ಸಂತ ಅಂತೋನಿಯನ್ನು ನೆನೆದು ಅವಳು ಕಡ್ಡಿ ಗೀರುವಷ್ಟರಲ್ಲಿ ಬೇಲಿಯ ಮೇಲೆ ಪಕ್ಕದ ಮನೆಯ ಫಿಲಿಪ್ಪಾಳ ತಲೆ ಮೂಡಿತು. ಇಟಲಿಯವಳಲ್ಲದಿದ್ದರೂ ಆಕೆ ಬಡಾವಣೆಯ ಇಟಾಲಿಯನ್ ಪರಂಪರೆ ಸಂರಕ್ಷಣಾ ಸಮಿತಿಯ ಅಧ್ಯಕ್ಷೆ. ಹೋದ ವರ್ಷ ಹೊಗೆಯ ದೂರು ಕೊಟ್ಟು ಈ ಒಲೆ ಆರಿಸಿದ್ದೂ ಆಕೆಯೇ.

"ನೊನ್ನಾ, ಮತ್ತೆ ಹೊಗೆಯಾ?"

"ಯಾರೇ ನಿಂಗೆ ಅಜ್ಜಿ? ನನ್ನ ಮೊಮ್ಮಕ್ಕಳು ನನ್ನ ಒಲೆಗೆ ನೀರು ಸುರಿಯೋರಲ್ಲ."

"ಬೇಜಾರು ಮಾಡ್ಕೋಬೇಡಿ. ಮಧ್ಯಾಹ್ನ ಚೌಕದಲ್ಲಿ ನಮ್ಮ ಉತ್ಸವ. ಅಲ್ಲಿ ಬಂದು ಸಾಸ್ ಮಾಡಿ ತೋರ್ಸಿ. ಬೆಂಕಿ ಇರಲ್ಲ, ಅಪಾಯ. ಟೊಮ್ಯಾಟೊ ಪ್ಲಾಸ್ಟಿಕ್ಕಿಂದು, ಕಲೆ ಆಗಲ್ಲ. ನೀವು ಕಪ್ಪು ಶಾಲು ಹೊದ್ದು ಕೂತ್ರೆ ಸಾಕು."

"ಬರೀ ಕೂರ್ಬೇಕಾ, ಅಳ್ಬೇಕಾ?"

"ಅತ್ರೆ ಇನ್ನೂ ಚೆನ್ನಾಗಿರುತ್ತೆ," ಎಂದಳು ಫಿಲಿಪ್ಪಾ, ಭಕ್ತಿಯಿಂದ.

ಸೆರಾಫಿನಾ ಒಮ್ಮೆ ಟೊಮ್ಯಾಟೊ ನೋಡಿದಳು, ಒಮ್ಮೆ ಅಧ್ಯಕ್ಷೆಯ ಗಟ್ಟಿಮುಟ್ಟಾದ ತೋಳು ನೋಡಿದಳು.

"ಉತ್ಸವ ಇಲ್ಲೇ ಮಾಡು. ಸಮಿತಿಯೋರನ್ನೆಲ್ಲ ಕರ್ಕೊಂಡ್ ಬಾ. ಅಸಲಿ ಹಿತ್ತಿಲು, ಅಸಲಿ ಹೊಗೆ!"

ಅಸಲಿ ಎಂದದ್ದೇ ತಡ, ಫಿಲಿಪ್ಪಾಳ ಕಣ್ಣು ತೇವವಾಯಿತು. ಮಧ್ಯಾಹ್ನದ ಹೊತ್ತಿಗೆ ಇಡೀ ಸಮಿತಿ ಇಸ್ತ್ರಿ ಮಾಡಿದ ಬಿಳಿ ಬಟ್ಟೆಯಲ್ಲಿ ಬಂದಿಳಿಯಿತು.

"ಏ ವಕೀಲಪ್ಪ, ವಾದ ಸಾಕು, ಅರೆಯೋ ಯಂತ್ರದ ಹಿಡಿ ತಿರುಗ್ಸು! ಫಿಲಿಪ್ಪಾ, ಫೋಟೊ ಆಮೇಲೆ, ಮೊದ್ಲು ಸೌದೆ ತಾ!" ಸೆರಾಫಿನಾ ಸಮಿತಿಯ ವಕೀಲನನ್ನೂ ಅಧ್ಯಕ್ಷೆಯನ್ನೂ ಒಟ್ಟಿಗೇ ಗದರಿದಳು.

ಬೈಸಿಕೊಂಡಷ್ಟೂ ಅವರ ಮುಖ ಅರಳುತ್ತಿತ್ತು. ಹೊಗೆ ಬೀದಿಯುದ್ದಕ್ಕೂ ಹಬ್ಬಿತು. ದೂರು ಕೊಡಬೇಕಾದವರೆಲ್ಲ ಅದರೊಳಗೇ ಕೆಮ್ಮುತ್ತಿದ್ದರು.

ಮರುದಿನ ಬೆಳಿಗ್ಗೆ ಬಾಟಲಿಗಳು ತಣಿದ ಮೇಲೆ ಸೆರಾಫಿನಾ ತನ್ನ ಊರಿನ ಕಟ್ಟಳೆಯಂತೆ ಹಂಚಿದಳು: ದುಡಿದ ಕೈಗಷ್ಟೇ ಪಾಲು. ತನ್ನ ಪಾಲನ್ನು ಒಳಗೆ ಜೋಡಿಸುತ್ತಿರುವಾಗ ಮಗ ಎಲಿಯೊ ಖಾಲಿ ಪೆಟ್ಟಿಗೆಗಳೊಂದಿಗೆ ಕಾರಿನಿಂದಿಳಿದ.

"ಅಮ್ಮಾ, ನಮ್ ಬಾಟ್ಲಿ ಎಲ್ಲಿ?"

"ನಿನ್ನ ಪಾಲಿನ ಕೆಲ್ಸ ಪಕ್ಕದ ಮನೆಯೋಳು ಮಾಡಿದ್ಲು. ಹೋಗಿ ಅವಳನ್ನೇ ಕೇಳು."

ಎಲಿಯೊ ಮುಖ ಸಣ್ಣದು ಮಾಡಿಕೊಂಡು ಹೋದ. ಬೇಲಿಯಾಚೆಯಿಂದ ಫಿಲಿಪ್ಪಾಳ ದನಿ ಕೇಳಿಸಿತು:

"ಕ್ಷಮಿಸಿ, ಇದು ನಾವು ಕೈಯಾರೆ ಮಾಡಿದ್ದು, ಕೊಡೋಕಾಗಲ್ಲ. ಮುಂದಿನ ವರ್ಷ ಬೇಗ ಬನ್ನಿ. ಹೇಗೆ ಮಾಡೋದು ಅಂತ ನಾವೇ ಹೇಳ್ಕೊಡ್ತೀವಿ."

ಇಷ್ಟು ವರ್ಷಗಳಲ್ಲಿ ಮೊದಲ ಸಲ ಆಕೆಯ ಮಾತು ಸೆರಾಫಿನಾಳಿಗೆ ಪೂರ್ತಿ ಸರಿಯೆನಿಸಿತು.