ಬಾಯಿ ಮೂಸುವ ಊರು

ಸಂಜೆ ಬ್ಯಾಡಗಿಯಿಂದ ಬಸ್ಸು ಬಂತೆಂದರೆ ನಮ್ಮೂರಿನ ಹುಡುಗರು ಇಳಿದು, ಹನುಮಪ್ಪನ ಗುಡಿಯ ಕಟ್ಟೆ ಮುಂದೆ ಸಾಲಾಗಿ ನಿಂತು ಬಾಯಿ ತೆರೆಯಬೇಕಿತ್ತು. ಕಟ್ಟೆಯ ಮೇಲೆ ಕೂತ ಹೆಂಗಸರು ಒಬ್ಬೊಬ್ಬರದೇ ಬಾಯಿ ಮೂಸಿ ನೋಡುತ್ತಿದ್ದರು. ಸಾರಾಯಿ ವಾಸನೆ ಬಂದವನಿಗೆ ದಂಡ. ಅದರ ಮೇಲೆ ಮೈಕಿನಲ್ಲಿ ಅವನ ಹೆಸರು, ಅವನ ಅಪ್ಪನ ಹೆಸರು. ಮೂಸುವವರಲ್ಲಿ ನಮ್ಮವ್ವ ದೇವವ್ವನೇ ಮುಂದು.

ಅವ್ವನಿಗೆ ಕಾರಣವಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ನಮ್ಮಪ್ಪ ಕುಡಿದು ಕುಡಿದೇ ಸತ್ತ. ಆಗ ಕಿರಾಣಿ ಅಂಗಡಿಯಲ್ಲಿ ಬಿಸ್ಕೀಟಿನ ಪಕ್ಕದಲ್ಲೇ ಸಾರಾಯಿ ಪಾಕೀಟು ಸಿಗುತ್ತಿತ್ತು. ಅವ್ವ, ಪಕ್ಕದ ಮನೆಯ ರಹಿಮತಬಿ, ಇನ್ನೊಂದಷ್ಟು ಹೆಂಗಸರು ಕಸಬರಿಗೆ ಹಿಡಿದು ಹೋಗಿ ಆ ವ್ಯಾಪಾರ ಬಂದ್ ಮಾಡಿಸಿದರು. ನಾನೂ ಹೋಗಿದ್ದೆ. ನನ್ನ ಸಿಟ್ಟೆಲ್ಲ ಆಮೇಲೆ ಆದದ್ದಕ್ಕೆ. ಹೆಂಗಸರು ಗೆದ್ದ ಮೇಲೆ ಊರ ಹಿರಿಯ ಗುಡದಪ್ಪ ಒಂದು ಕಮಿಟಿ ಕಟ್ಟಿ, ತಾನೇ ಅಧ್ಯಕ್ಷನಾಗಿ, ಈ ಮೂಸುವ ಪದ್ಧತಿ ತಂದ. ಮೂಸುವುದು ಬಸ್ಸಿನಿಂದ ಇಳಿದ ಹುಡುಗರ ಬಾಯಿ ಮಾತ್ರ. ಗುಡದಪ್ಪನೂ ಅವನ ಗೆಳೆಯರೂ ವ್ಯವಹಾರದ ನೆಪ ಹೇಳಿ ರಾಣೇಬೆನ್ನೂರಿಗೆ ಹೋಗಿ, ಕಾರಿನಲ್ಲಿ ವಾಪಸ್ಸಾಗುತ್ತಿದ್ದರು. ಕಾರಿನ ಗಾಜು ಇಳಿಸಿ ಮೂಸುವ ಧೈರ್ಯ ಯಾರಿಗೂ ಇರಲಿಲ್ಲ.

ನನ್ನ ತಮ್ಮ ಮೈಲೇಶ ಬ್ಯಾಡಗಿ ಮಾರುಕಟ್ಟೆಯಲ್ಲಿ ಹಮಾಲಿ. ದಿನವಿಡೀ ಮೆಣಸಿನಕಾಯಿ ಚೀಲ ಹೊತ್ತು ಬೆನ್ನು ನೋವು, ಘಾಟಿಗೆ ಕಣ್ಣು ಕೆಂಪು. ನಾನೂ ಅಲ್ಲೇ ಕಾಯಿಯ ತೊಟ್ಟು ಬಿಡಿಸಲು ಹೋಗುತ್ತಿದ್ದೆ. ಊರಲ್ಲಿ ಪಾಕೀಟು ಸಿಗುವಾಗ ಅವನೂ ಒಮ್ಮೊಮ್ಮೆ ಕುಡಿಯುತ್ತಿದ್ದ. ಮೂಸುವುದು ಶುರುವಾದ ಹೊಸದರಲ್ಲೇ ಸಿಕ್ಕಿಬಿದ್ದ, ಮೈಕಿನಲ್ಲಿ ಹೆಸರು ಕೂಗಿದರು. ಅವ್ವ ನಾಚಿಕೆಯಿಂದ ಊಟ ಬಿಟ್ಟಳು. ಅಲ್ಲಿಂದ ಮುಂದೆ ಅವನ ಬಾಯಿಂದ ವಾಸನೆ ಬಂದದ್ದೇ ಇಲ್ಲ. ನನ್ನ ಮಗ ಸುಧಾರಿಸಿದ ಎಂದು ಅವ್ವ ಊರ ತುಂಬ ಹೇಳಿಕೊಂಡು ತಿರುಗಿದಳು. ಅವನೋ, ತಾಟಿನ ಮುಂದೆ ಕೂತಲ್ಲೇ ತೂಕಡಿಸುತ್ತಿದ್ದ. ನಾಲಿಗೆ ತೊದಲುತ್ತಿತ್ತು. ಯಾಕೋ ಸರಿಯಿಲ್ಲ ಅಂತ ನಾನು ಹೇಳಿದರೆ ಅವ್ವ ನನ್ನ ಮೇಲೆಯೇ ಹರಿಹಾಯುತ್ತಿದ್ದಳು. ಚೀಲ ಹೊತ್ತವನಿಗೆ ನಿದ್ದೆ ಬರದೆ ಇನ್ಯಾರಿಗೆ ಬರಬೇಕು ಎನ್ನುತ್ತಿದ್ದಳು.

ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಎಬ್ಬಿಸಿದರೆ ಅವನು ಏಳಲಿಲ್ಲ. ಬೆಳಿಗ್ಗೆ ನಾನು ಬಟ್ಟೆ ಒಗೆಯಲು ಹೋಗಿದ್ದೆ, ಆಗಲೂ ಎದ್ದಿರಲಿಲ್ಲವಂತೆ. ಆಗಲೇ ಅವ್ವ ಮೂಸಿ ನೋಡಿ, ಕೌದಿ ಹೊದಿಸಿ ಹೋಗಿದ್ದಳು. ಈಗಲೂ ಬಗ್ಗಿ ಮೂಸಿದಳು.

"ವಾಸನಿ ಇಲ್ಲ ಕಾವ್ಯಾ. ದಣದಾನ, ಮಲಗಲಿ ಬಿಡು."

ನಾನು ನೋಡುತ್ತಿದ್ದದ್ದು ಅವನ ತುಟಿಯನ್ನು. ನೇರಳೆಹಣ್ಣು ತಿಂದವರ ತುಟಿಯ ಹಾಗೆ ಕಪ್ಪಿಟ್ಟಿತ್ತು. ಒಂದು ಉಸಿರು ಬಂದ ಮೇಲೆ ಇನ್ನೊಂದಕ್ಕೆ ಕಾಯಬೇಕಿತ್ತು.

ಓಡಿಹೋಗಿ ರಹಿಮತಬಿಯ ಮಗ ಜಾವೇದನನ್ನು ಹಿಡಿದೆ. ಆಟೋ ಓಡಿಸುತ್ತಾನೆ, ಮೈಲೇಶನ ಜೀವದ ಗೆಳೆಯ. ಮೊದಲು ತನಗೇನೂ ಗೊತ್ತಿಲ್ಲವೆಂದ. ಅಂಗಿ ಹಿಡಿದು ಜಗ್ಗಿ ಕೇಳಿದ ಮೇಲೆ ತಲೆ ತಗ್ಗಿಸಿದ.

"ಗುಳಿಗಿ ತಿಂತಾನಕ್ಕಾ. ಮೊದಲ ಬೆನ್ನನೋವಿಗಂತ ತಿಂದ, ಈಗ ಬಿಟ್ಟಿರಾಕ ಆಗವಲ್ದು. ಹುಡುಗ್ರೆಲ್ಲಾ ಅದನ್ನ ಹಿಡದಾರ. ಬಾಯಿ ಮೂಸ್ತಾರಲ್ಲ, ಗುಳಿಗಿ ವಾಸನಿ ಬರೂದಿಲ್ಲ."

ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಿದ್ದರೆ ಊರಿಗೆ ಗುಳಿಗೆ ತಂದವನು ತಾನೇ ಅಂತ ಮೈಕಿನಲ್ಲಿ ಕೂಗುತ್ತಿದ್ದರು ಎಂದ. ನಮ್ಮೂರು ಹಾಗೆ ಮಾಡುತ್ತಿತ್ತು ಅಂತ ನನಗೂ ಗೊತ್ತಿತ್ತು.

ಮೈಲೇಶನನ್ನು ಆಟೋದಲ್ಲಿ ಮಲಗಿಸಿ, ಅವ್ವನನ್ನೂ ಹತ್ತಿಸಿಕೊಂಡು ಹಾವೇರಿಗೆ ಹೊರಟೆವು. ಕಟ್ಟೆಯ ಹತ್ತಿರ ಗುಡದಪ್ಪ ಅಡ್ಡ ನಿಂತ. ಮುಂದಿನ ವಾರ ಊರಿಗೆ ಸನ್ಮಾನವಿತ್ತು. 'ಮದ್ಯಮುಕ್ತ ಗ್ರಾಮ' ಎಂಬ ಬೋರ್ಡಿಗೆ ಅವತ್ತೇ ಬಣ್ಣ ಹಚ್ಚಿಸುತ್ತಿದ್ದ. ಏನಾಯಿತು ಎಂದ. ಗುಳಿಗೆ ಎಂದೆ. ಆಟೋದೊಳಗೆ ಬಗ್ಗಿ ಮೂಸಿ, ಏನೂ ಇಲ್ಲವಲ್ಲ ಎಂದ. ದೊಡ್ಡ ಆಸ್ಪತ್ರೆಗೆ ಹೋದರೆ ಪೊಲೀಸರು ಬರುತ್ತಾರೆ, ಊರ ಹೆಸರು ಕೆಡುತ್ತದೆ, ಪರಿಚಯದ ಡಾಕ್ಟರನ್ನು ಇಲ್ಲಿಗೇ ಕರೆಸುತ್ತೇನೆ ಎಂದು ಫೋನು ತೆಗೆದ. ಜನ ಸೇರಿತು. ಬಂದವರೆಲ್ಲ ಬಗ್ಗಿ ಬಗ್ಗಿ ನನ್ನ ತಮ್ಮನ ಬಾಯಿ ಮೂಸಿದರು. ಒಬ್ಬ ಪಿತ್ತ ಎಂದ, ಇನ್ನೊಬ್ಬ ಬಿಸಿಲಿನ ಝಳ ಎಂದ. ಗುಡದಪ್ಪ ಅಣ್ಣಾರು ಹೇಳಿದಂತೆ ಕೇಳೋಣ ಎಂದು ಅವ್ವನೂ ಶುರು ಮಾಡಿದಳು. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಫೋನು ಹತ್ತಲಿಲ್ಲ, ಗುಡದಪ್ಪ ಮತ್ತೆ ಮತ್ತೆ ಹಚ್ಚಿದ, ಹಾದಿ ಮಾತ್ರ ಬಿಡಲಿಲ್ಲ. ಕೊನೆಗೆ ನಾನು ಇಳಿದು ಎರಡೂ ಕೈಯಿಂದ ಅವನನ್ನು ದೂಡಿದೆ. ನಾನು ಹತ್ತಿದ್ದೇ ಜಾವೇದ ಆಟೋ ಬಿಟ್ಟ.

ಹಾದಿಯಲ್ಲೇ ಉಸಿರು ನಿಂತಿತ್ತು. ಆಸ್ಪತ್ರೆಯಲ್ಲಿ ಬಹಳ ಹೊತ್ತು ಎದೆ ಒತ್ತಿದರು. ಆಮೇಲೆ ಡಾಕ್ಟರು ಹೊರಗೆ ಬಂದು, ಬೆಳಿಗ್ಗೆಯೇ ಕರೆತಂದಿದ್ದರೆ ಉಳಿಯುತ್ತಿದ್ದ, ಯಾಕೆ ತರಲಿಲ್ಲ ಎಂದು ಕೇಳಿದರು. ಅವ್ವ ಹೇಳಿದಳು, "ವಾಸನಿ ಇರಲಿಲ್ಲರಿ." ಅವರಿಗೆ ಅರ್ಥವಾಗಲಿಲ್ಲ.

ಮಣ್ಣು ಮಾಡಿ ಬಂದ ಮರುದಿನ ಗುಡದಪ್ಪ ಜನರನ್ನು ಕಟ್ಟೆಗೆ ಕರೆಸಿ ಮೈಕು ಹಿಡಿದ. ಮೈಲೇಶ ಬಂಗಾರದಂಥ ಹುಡುಗ, ಒಂದೂ ಚಟವಿರಲಿಲ್ಲ, ಎದೆಬಡಿತ ನಿಂತು ಹೋದ ಎಂದ. ಗುಳಿಗೆ ಗಿಳಿಗೆ ಎಂದು ಊರಿನ ಮಾನ ಕಳೆಯುವವರು ಊರಲ್ಲಿ ಇರುವುದು ಬೇಡ ಎಂದು ಜಾವೇದನ ಕಡೆ ನೋಡಿದ. ರಹಿಮತಬಿ ಮಗನ ಕೈ ಹಿಡಿದುಕೊಂಡಳು. ನಾನು ಏಳುವಷ್ಟರಲ್ಲಿ ಗುಡದಪ್ಪ ಮೈಕನ್ನು ಅವ್ವನ ಮುಂದೆ ಚಾಚಿದ.

"ದಿನಾ ಮೂಸಿದಾಕಿ ನೀನ ದೇವವ್ವ. ವಾಸನಿ ಇತ್ತೇನು? ಮಂದಿಗೆ ಹೇಳು."

ಅವ್ವ ಮೈಕು ತೆಗೆದುಕೊಂಡಳು. ಊರೆಲ್ಲ ಅವಳನ್ನೇ ನೋಡುತ್ತಿತ್ತು.

"ಇರಲಿಲ್ಲರಿ," ಎಂದಳು.

ಗುಡದಪ್ಪ ತಲೆಯಾಡಿಸಿ ಮೈಕಿಗೆ ಕೈ ಚಾಚಿದ. ಅವ್ವ ಕೊಡಲಿಲ್ಲ.

"ವಾಸನಿ ಇದ್ದಿದ್ರ ಅಣ್ಣಾರ, ನನ್ನ ಮಗ ನಿಮಗ ದಂಡಾ ಕಟ್ಟಿ, ಇವತ್ತ ಮನ್ಯಾಗ ಕುಂತಿರ್ತಿದ್ದ."